ಜೋಡಿಸದೆ ಬಿಟ್ಟ ಜಾಗ

ವಿಶ್ವವಿದ್ಯಾಲಯದ ರೇಡಿಯೋ ಇದ್ದದ್ದು ಗ್ರಂಥಾಲಯದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಮೇಲೆ ಯಾರಾದರೂ ದಡದಡ ಇಳಿದರೆ ಕೆಳಗೆ ಧ್ವನಿಮುದ್ರಣ ನಿಲ್ಲಿಸಬೇಕು. ಅಲ್ಲಿನ ಕಾರ್ಯಕ್ರಮ ನಿರ್ವಾಹಕಿಯನ್ನು ವಿದ್ಯಾರ್ಥಿಗಳು ರೇಡಿಯೋ ಅಕ್ಕ ಎಂದೇ ಕರೆಯುತ್ತಿದ್ದರು. ಹೆಸರಿಗೆ ನಿರ್ವಾಹಕಿ; ಮೈಕು ಒರೆಸುವವಳೂ ಅವಳೇ, ಕಿತ್ತುಹೋದ ತಂತಿಗೆ ಟೇಪು ಸುತ್ತುವವಳೂ ಅವಳೇ. ಹುಡುಗರಿಗೆ ಮೈಕಿನ ಮುಂದೆ ನಾಲಿಗೆ ತಿರುಗುವಷ್ಟರಲ್ಲಿ ಅವರು ಪರೀಕ್ಷೆ ಮುಗಿಸಿ ಹೊರಟುಬಿಡುತ್ತಿದ್ದರು. ಮತ್ತೆ ಹೊಸಬರು, ಮತ್ತೆ ಅ ಆ ಇ ಈ. ಅದಕ್ಕೆಲ್ಲ ಅವಳು ಬೇಸರಪಟ್ಟವಳಲ್ಲ. ಮೈ ಉರಿಯುತ್ತಿದ್ದದ್ದು ಬೇರೆಯದಕ್ಕೆ. ಕುಲಪತಿಗಳ ಭಾಷಣವಿದ್ದರೆ ಮಾತ್ರ ಆಡಳಿತ ಕಚೇರಿಗೆ ಈ ಕೋಣೆಯ ನೆನಪಾಗುತ್ತಿತ್ತು. ಉಳಿದ ದಿನ ಊಟಕ್ಕಿಲ್ಲದ ಉಪ್ಪಿನಕಾಯಿ.

ಸುತ್ತಲಿನ ಬೀದಿಗಳಿಗೆ ಹಾಗಲ್ಲ. ಇಸ್ತ್ರಿ ಅಂಗಡಿಯವನು, ದರ್ಜಿ, ಆಸ್ಪತ್ರೆಯ ನರ್ಸುಗಳು ಎಲ್ಲರೂ ಶನಿವಾರದ 'ನಿಮ್ಮ ಮಾತು' ಕೇಳುತ್ತಿದ್ದರು. ಅದರಲ್ಲಿ ಯಾರು ಬೇಕಾದರೂ ಕಷ್ಟಸುಖ ಹೇಳಿಕೊಳ್ಳಬಹುದಿತ್ತು. ಅಕ್ಕನ ಅತ್ತೆಯಂತೂ ಕಟ್ಟಾ ಕೇಳುಗರು. "ಅದರ ಮಧ್ಯೆ ನಿಮ್ಮ ಸಾಹೇಬ್ರ ಭಾಷಣ ತುರುಕಿದ್ರೆ ಆಫ್ ಮಾಡ್ತೀನಿ ಕಣೇ, ಮುಂಚೇನೇ ಹೇಳಿರ್ತೀನಿ" ಎನ್ನುತ್ತಿದ್ದರು.

ಈ ಸಲ ಮಾತಾಡಿದವಳು ವಿಶ್ವವಿದ್ಯಾಲಯದ ಹಾಸ್ಟೆಲಿನ ಒಬ್ಬ ಹುಡುಗಿ. ಅಲ್ಲಿನ ನೀರು ಕುಡಿದು ಕಾಮಾಲೆಯಾಗಿ ಆಸ್ಪತ್ರೆ ಸೇರಿದ್ದಳು. ಅಕ್ಕ ರೆಕಾರ್ಡರ್ ಹಿಡಿದು ವಾರ್ಡಿಗೇ ಹೋದಳು.

"ತೊಟ್ಟಿ ಮುಚ್ಚಳ ಒಡೆದಿದೆ ಅಂತ ಎಷ್ಟು ಸಲ ಹೇಳಿದ್ವಿ ಅಕ್ಕ! ಕಾಯಿಸ್ಕೊಂಡು ಕುಡೀರಿ ಅಂದ್ರು ಹಾಸ್ಟೆಲ್ ಆಫೀಸಿನವರು. ರೂಮಲ್ಲಿ ಒಲೆ ಇಟ್ಕೊಂಡ್ರೆ ದಂಡ ಅಂತಾನೂ ಅವರೇ ಹೇಳಿದ್ದು."

ಉಳಿದ ಹುಡುಗಿಯರು ಇನ್ನೂ ಅದೇ ನೀರು ಕುಡಿಯುತ್ತಿದ್ದರು. ಈ ಮಾತು ಊರಿಗೆ ಕೇಳಿದರೆ ತೊಟ್ಟಿಗೊಂದು ಮುಚ್ಚಳವಾದರೂ ಬಂದೀತು ಎಂಬುದೊಂದೇ ಅಕ್ಕನ ಆಸೆ. ಆದರೆ ಪ್ರತಿ ಕಾರ್ಯಕ್ರಮವನ್ನೂ ಮೊದಲು ಕುಲಸಚಿವರಿಗೆ ಕೇಳಿಸಬೇಕಿತ್ತು.

"ಮೇಡಂ, ರೇಡಿಯೋ ಇರೋದು ಯೂನಿವರ್ಸಿಟಿ ಮಾನ ಕಾಪಾಡೋಕೆ. ಆ ಹುಡುಗಿ ನೀರಿನ ಬಗ್ಗೆ ಹೇಳಿದ್ದು ತೆಗೀರಿ" ಎಂದರು ಕುಲಸಚಿವರು.

"ಅದ್ರಲ್ಲಿ ಒಂದು ಸುಳ್ಳು ತೋರಿಸಿ ಸರ್, ತೆಗೀತೀನಿ."

"ತೆಗೀದಿದ್ರೆ ಸೋಮವಾರದಿಂದ ನಿಮ್ಮ ಸ್ಟೇಷನ್ನಿಗೆ ಬೀಗ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದು ಇದಕ್ಕೇ. ಕೆಟ್ಟದ್ದು ತೊಟ್ಟಿ, ಮುಚ್ಚುವುದು ಬಾಯಿ! ನಾಚಿಕೆಯಾದರೂ ಬೇಡವೇ ಈ ಜನಕ್ಕೆ?

ಅಕ್ಕ ಕೋಣೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು. ಬೇಡದ ಮಾತು ಕತ್ತರಿಸಿದ ಮೇಲೆ ಎರಡೂ ತುದಿಗಳನ್ನು ಗುರುತೇ ಸಿಗದ ಹಾಗೆ ಜೋಡಿಸುವುದು ರೇಡಿಯೋದವರ ಮೊದಲ ಪಾಠ. ಕ್ಷಣಕಾಲ ಸದ್ದು ನಿಂತರೂ ಕೇಳುವವರು ಸ್ಟೇಷನ್ ಕೆಟ್ಟಿತೆಂದುಕೊಳ್ಳುತ್ತಾರೆ. ಎಷ್ಟೋ ಹುಡುಗರಿಗೆ ಅವಳೇ ಅದನ್ನು ಬೈದು ಬೈದು ಕಲಿಸಿದ್ದಳು. ಅವಳು ಹುಡುಗಿಯ ಉತ್ತರ ತೆಗೆದಳು. ತುದಿಗಳನ್ನು ಜೋಡಿಸಲಿಲ್ಲ. ಉತ್ತರ ಎಷ್ಟು ಉದ್ದವಿತ್ತೋ ಅಷ್ಟೂ ಜಾಗವನ್ನು ಖಾಲಿ ಬಿಟ್ಟಳು.

ಶನಿವಾರ ಊರಿಗೆ ಕೇಳಿಸಿದ್ದು ಅಕ್ಕನ ಪ್ರಶ್ನೆ: "ಹಾಸ್ಟೆಲಿನ ನೀರು ಹೇಗಿದೆ, ಹೇಳಮ್ಮ." ಆಮೇಲೆ ಏನೂ ಇಲ್ಲ. ಇಸ್ತ್ರಿಯವನು ರೇಡಿಯೋಗೆ ಎರಡು ತಟ್ಟು ತಟ್ಟಿದನಂತೆ. ಮೌನ ಮುಗಿದ ಮೇಲೆ ಮತ್ತೆ ಅಕ್ಕನ ದನಿ ಬಂತು: "ಇಷ್ಟು ಹೇಳಿದ್ದಕ್ಕೆ ಥ್ಯಾಂಕ್ಸ್ ಕಣಮ್ಮ."

ಕುಲಸಚಿವರು ಕೆಂಡವಾಗಿ ಕೋಣೆಗೆ ನುಗ್ಗಿದರು. "ಏನ್ರೀ ಇದು?"

"ತೆಗೀರಿ ಅಂದ್ರಿ, ತೆಗೆದೆ ಸರ್."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ ಎತ್ತಿ, ಒಂದು ಗಳಿಗೆ ಕೇಳಿ, ರಿಸೀವರನ್ನು ಅವರ ಕೈಗೇ ಕೊಟ್ಟಳು. ಆ ಕಡೆಯ ಗಂಡಸಿನ ದನಿ ಕೋಣೆಗೆಲ್ಲ ಕೇಳಿಸುತ್ತಿತ್ತು. "ನಾನು ಆ ಹುಡುಗಿ ಅಪ್ಪ ಮಾತಾಡ್ತಿರೋದು. ಇಡೀ ವಾರ್ಡು ಕೂತ್ಕೊಂಡು ಕೇಳ್ತಿತ್ತು. ನನ್ನ ಮಗಳು ಹೇಳಿದ್ದು ಎಲ್ಲಿ ಹೋಯ್ತು ಸ್ವಾಮಿ?"

ಕುಲಸಚಿವರು ರಿಸೀವರಿನ ಬಾಯಿಗೆ ಅಂಗೈ ಅಡ್ಡ ಹಿಡಿದರು. ದನಿ ಇಳಿದಿತ್ತು. "ಇವರಿಗೆ ಏನು ಹೇಳ್ಲಿ?"

"ಅವಳು ಹೇಳಿದ್ದನ್ನೇ ಹೇಳಿ ಸರ್. ಕೇಳಿದ್ದೀರಲ್ಲ."

ಅವರು ಫೋನಿಟ್ಟುಬಿಟ್ಟರು. ಅದು ಮತ್ತೆ ಬಡಿದುಕೊಂಡಿತು. ಅಕ್ಕ ಎತ್ತಲಿಲ್ಲ, ಅವರ ಕಡೆಗೆ ಸರಿಸಿದಳು.