ಮುನ್ನೂರ ಹದಿಮೂರನೆಯ ಹೆಸರು

ಅದು ೨೦೧೮ರ ನವೆಂಬರ್ ತಿಂಗಳು. ಮೈಸೂರಿನ ಮಂಡಿ ಮೊಹಲ್ಲಾದ ಒಂದು ಚಿಕ್ಕ ಬ್ಯಾಪ್ಟಿಸ್ಟ್ ಸಭೆಗೆ, ಅಂದರೆ ಚರ್ಚಿಗೆ, ನಾನು ಪಾಲಕನಾಗಿ, ಪಾದ್ರಿಯಾಗಿ, ನಲವತ್ತು ವರ್ಷ ತುಂಬಿತ್ತು. ಅದಕ್ಕೂ ಮುಂಚೆ ನಾಲ್ಕು ವರ್ಷ ಮಿಷನ್ ಕೆಲಸಗಾರನಾಗಿ ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ಸುತ್ತಿದ್ದೆ. ವಯಸ್ಸು ಎಪ್ಪತ್ತಾಗಿತ್ತು. ಜನವರಿಯ ಕೊನೆಯ ಭಾನುವಾರ ನಿವೃತ್ತಿ ಎಂದು ಸಭೆ ತೀರ್ಮಾನಿಸಿತ್ತು. ಮಕ್ಕಳಿಬ್ಬರೂ ಮದುವೆಯಾಗಿ ಇದೇ ಊರಿನಲ್ಲಿ ನೆಲೆಸಿದ್ದರು. ಕುಂಬಾರಕೊಪ್ಪಲಿನಲ್ಲಿ ನಮಗೊಂದು ಪುಟ್ಟ ಮನೆ ಗೊತ್ತಾಗಿತ್ತು. ಇನ್ನು ಬೆನ್ನು ನೆಲಕ್ಕೆ ಕೊಟ್ಟು ಮಲಗುವುದೊಂದೇ ಬಾಕಿ ಅಂದುಕೊಂಡಿದ್ದೆ.

ಓದುಗರಿಗೆ ನಮ್ಮ ಪದ್ಧತಿಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಬೇರೆ ಕೆಲವು ಸಭೆಗಳಲ್ಲಿ ಹಸುಗೂಸಿನ ಹಣೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಬುದ್ಧಿ ಬಂದ ಮೇಲೆ, ತಾನಾಗಿ ಒಪ್ಪಿದವರನ್ನು ಮಾತ್ರ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸುತ್ತೇವೆ. ಹಾಗೆ ಮುಳುಗಿ ಎದ್ದವರ ಹೆಸರು ಸಭೆಯ ರಿಜಿಸ್ಟರಿಗೆ ಸೇರುತ್ತದೆ. ಅವರಿಗಷ್ಟೇ ಕರ್ತನ ಭೋಜನ, ಅಂದರೆ ತಿಂಗಳಿಗೊಮ್ಮೆ ಹಂಚುವ ರೊಟ್ಟಿಯ ಚೂರು ಮತ್ತು ದ್ರಾಕ್ಷಾರಸ. ನಮ್ಮ ತೊಟ್ಟಿ ವೇದಿಕೆಯ ಹಲಗೆಗಳ ಕೆಳಗಿತ್ತು. ಏಳಡಿ ಉದ್ದ, ನಾಲ್ಕಡಿ ಅಗಲ. ಮೂರಡಿ ನೀರು ನಿಲ್ಲಿಸಿದರೆ ಸಾಕು. ಅದರಲ್ಲಿ ನಾನು ಮುನ್ನೂರ ಹನ್ನೆರಡು ಜನರನ್ನು ಮುಳುಗಿಸಿದ್ದೆ. ನನ್ನ ಮಗ, ಮಗಳು ಕೂಡ ಆ ಲೆಕ್ಕದಲ್ಲಿದ್ದಾರೆ.

ಒಂದು ಸಂಜೆ ನಮ್ಮ ಸಭೆಯ ಕಾರ್ಯದರ್ಶಿ ಜೀವರತ್ನಪ್ಪ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಹಳೆಯ ಹೆಸರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಅವರದ್ದು. ಕುರ್ಚಿಯಲ್ಲಿ ಕೂತವರು ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಅದರ ರಟ್ಟನ್ನೇ ಸವರುತ್ತಿದ್ದರು.

"ಏನಪ್ಪ, ಯಾರಾದ್ರೂ ತೀರಿಕೊಂಡ್ರಾ?" ಎಂದೆ.

"ಅಂಗೇನಿಲ್ಲ ಅಯ್ನೋರೆ. ಮನೆವಾರು ಪಟ್ಟಿ ಮಾಡ್ತಾ ಬಂದೆ. ನಿಮ್ಮ ಮನೇಲಿ ಮೂರೇ ಹೆಸ್ರು ಸಿಗ್ತಾ ಇದೆ. ಅಮ್ಮಾವ್ರದ್ದು ಎಲ್ಲೂ ಇಲ್ಲ. ಮೂರು ಸಲ ಹುಡುಕ್ದೆ."

ದೀಪದ ಬುಡದಲ್ಲಿ ಕತ್ತಲೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆ ಕತ್ತಲೆಯಲ್ಲಿ ನಾನೇ ಹಾಯಾಗಿ ಕೂತಿದ್ದೆ.

ನನ್ನ ಹೆಂಡತಿ ಸುಗುಣ ಬೇರೆ ಸಭೆಯವಳು. ಅವಳಿಗೆ ನಲವತ್ತು ದಿನದ ಕೂಸಾಗಿದ್ದಾಗಲೇ ನೀರು ಚಿಮುಕಿಸಿದ್ದರು. ಅವಳ ತಂದೆ ಶಾಲಾ ಮೇಷ್ಟ್ರು, ಭಕ್ತಿವಂತರು, ಸ್ವಲ್ಪ ಮುಂಗೋಪಿ. ೧೯೭೬ರಲ್ಲಿ ನಮ್ಮ ಮದುವೆಯಾಯಿತು. ನಮ್ಮ ಪದ್ಧತಿಯ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೀಯಾ ಎಂದು ಆ ವರ್ಷವೇ ನಾನು ಕೇಳಿದ್ದೆ. "ಅಪ್ಪ ಇರೋವರೆಗೂ ಬೇಡ ಕಣ್ರೀ. ಅವರು ಮಾಡ್ಸಿದ್ದು ಸುಳ್ಳು ಅಂತ ಅವರ ಮುಖಕ್ಕೆ ಹೇಳ್ದಂಗಾಗುತ್ತೆ" ಅಂದಳು. ನ್ಯಾಯವಾದ ಮಾತು. ಒಪ್ಪಿದೆ.

ಮಾವ ೧೯೯೧ರಲ್ಲಿ ತೀರಿಕೊಂಡರು. ಆ ವರ್ಷ ಕೇಳುವುದು ಮರ್ಯಾದೆಯಲ್ಲ ಅನ್ನಿಸಿತು. ಮುಂದಿನ ವರ್ಷ ಸಭೆಯ ಛಾವಣಿ ಕೆಲಸ. ಆಮೇಲೆ ಮಗನ ಎಸ್ಸೆಸ್ಸೆಲ್ಸಿ, ಆಮೇಲೆ ಮಗಳ ನರ್ಸಿಂಗ್ ಓದು. ತಿಂಗಳ ಭೋಜನಕ್ಕೆ ರೊಟ್ಟಿ ಸುಡುತ್ತಿದ್ದವಳು ಸುಗುಣ, ದ್ರಾಕ್ಷಿ ಹಿಂಡುತ್ತಿದ್ದವಳು ಸುಗುಣ. ಕೊನೆಯ ಬೆಂಚಿನಲ್ಲಿ ಕೂತು, ತಟ್ಟೆ ತನ್ನ ಕೈಗೆ ಬಂದಾಗ ಎದ್ದು, ಅದನ್ನು ಒಳಕೋಣೆಗೆ ಒಯ್ಯುತ್ತಿದ್ದಳು. ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ ಜನಕ್ಕೆ ಅವಳು ತಿಂದಳೋ ಬಿಟ್ಟಳೋ ಕಾಣುತ್ತಿರಲಿಲ್ಲ. ಪಾದ್ರಿಯ ಹೆಂಡತಿ ಮುಳುಗದೇ ಇರುತ್ತಾಳೆಯೇ ಎಂದು ಎಲ್ಲರ ಎಣಿಕೆ. ನನಗೆ ಗೊತ್ತಿತ್ತೇ? ಗೊತ್ತಿತ್ತು. ಅವಳ ಮನಸ್ಸಾಕ್ಷಿಗೆ ಬಲವಂತ ಮಾಡದ ಗಂಡ ಎಂದು ನನ್ನ ಬಗ್ಗೆ ನನಗೇ ಒಳಗೊಳಗೆ ಹೆಮ್ಮೆ ಬೇರೆ.

ಜೀವರತ್ನಪ್ಪ ದನಿ ತಗ್ಗಿಸಿದರು. "ಮೂವತ್ತು ವರ್ಷದಿಂದ ಅಮ್ಮಾವ್ರು ಮಹಿಳಾ ಸಂಘದ ಅಧ್ಯಕ್ಷೆ. ಸದಸ್ಯರೇ ಅಲ್ಲ ಅಂದ್ರೆ ನಿಮ್ಮ ಬೀಳ್ಕೊಡುಗೆ ಸಮಯದಲ್ಲಿ ಜನ ಏನಂತಾರೆ? ಎಪ್ಪತ್ತೊಂಬತ್ತರ ಪುಟದಲ್ಲಿ ಒಂದು ಸಾಲು ಜಾಗ ಇದೆ. ಬರ್ದ್ಬುಡೋಣ. ಯಾರ್ ನೋಡ್ತಾರೆ?"

ಸತ್ಯ ಹೇಳಬೇಕೆಂದರೆ, ಒಂದು ಕ್ಷಣ ನನಗೂ ಆ ಖಾಲಿ ಸಾಲು ಬಹಳ ಅನುಕೂಲವಾಗಿ ಕಂಡಿತು.

ಅಡುಗೆಮನೆಯಿಂದ ಕಾಫಿ ತಂದ ಸುಗುಣ ಲೋಟಗಳನ್ನು ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು. "ಜೀವರತ್ನಪ್ನೋರೆ, ನೆನೀದೆ ಇರೋರ ಹೆಸ್ರು ಅದ್ರಲ್ಲಿ ಬರೀಬಾರ್ದು. ನೆನೆದ ಮೇಲೆ ಬರ್ಕೊಳ್ಳಿ." ನನ್ನ ಕಡೆ ತಿರುಗಿದಳು. "ಡಿಸೆಂಬರ್ ತರಗತಿಗೆ ನನ್ನೂ ಸೇರಿಸ್ಕೊಳ್ಳಿ. ನೀವು ನಿವೃತ್ತಿ ಆಗೋಕೆ ಮುಂಚೆ ಒಂದೇ ಒಂದ್ಸಲ ನಿಮ್ಮ ಕೈಯಿಂದ ಆ ರೊಟ್ಟಿ ತಿನ್ಬೇಕು ನಾನು."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಕಾಫಿ ಆರೋಗುತ್ತೆ, ಕುಡೀರಿ."

ದೀಕ್ಷಾಸ್ನಾನಕ್ಕೆ ಮುಂಚೆ ಆರು ತರಗತಿ ಕಡ್ಡಾಯ. ಆ ಸಲ ಕಾಲೇಜು ಹುಡುಗಿಯರು ನಾಲ್ವರು, ಮತ್ತು ನನ್ನ ಹೆಂಡತಿ. ವಿನಾಯಿತಿ ಕೊಡುತ್ತೇನೆ ಅಂದೆ. ಒಪ್ಪಲಿಲ್ಲ. ಮೊಣಕಾಲು ನೋವಿದ್ದರೂ ಆ ಹುಡುಗಿಯರ ಜೊತೆ ಚಾಪೆಯ ಮೇಲೆಯೇ ಕೂತಳು. ನಲವತ್ತು ವರ್ಷ ಹೇಳಿದ ಪಾಠವನ್ನೇ ನಾನು ಹೇಳುತ್ತಿದ್ದರೆ ಕೈ ಎತ್ತುವಳು. "ಮನಸ್ಸು ಬದಲಾದ ಮೇಲೆ ಅಂತೀರಲ್ಲ, ಬದಲಾಗಿದೆ ಅಂತ ಪಕ್ಕದವರಿಗೆ ಹೆಂಗೆ ಗೊತ್ತಾಗುತ್ತೆ?" ಹುಡುಗಿಯರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಗುತ್ತಿದ್ದರು. ನಾನು ನೋಟ್ಸಿನ ಪುಟ ಹಿಂದೆ ಮುಂದೆ ತಿರುಗಿಸುತ್ತಿದ್ದೆ.

ಅಷ್ಟರಲ್ಲಿ ಇನ್ನೊಂದು ತೊಡಕು ಎದ್ದಿತು. ಸುಗುಣಳಿಗೆ ಅಸ್ತಮಾ. ಜನವರಿಯ ಚಳಿಯಲ್ಲಿ ಆ ತೊಟ್ಟಿಯ ನೀರು ಮಂಜಿನಂತಿರುತ್ತದೆ. ನರ್ಸ್ ಆಗಿರುವ ಮಗಳು ಖಡಾಖಂಡಿತವಾಗಿ ಹೇಳಿಬಿಟ್ಟಳು: "ಅಪ್ಪ, ತಣ್ಣೀರಲ್ಲಿ ಇಳಿಸೋದಾದ್ರೆ ನಾನು ಬಿಡಲ್ಲ. ಬೆಚ್ಚಗಿದ್ರೆ ಮಾತ್ರ." ಎರಡು ಸಾವಿರ ಲೀಟರಿಗೂ ಮೇಲ್ಪಟ್ಟ ನೀರು. ಯಾವ ಗೀಸರಿಗೆ ಸಾಧ್ಯ? ಏಪ್ರಿಲ್‌ಗೆ ಮುಂದೂಡಬಹುದಿತ್ತು. ಆದರೆ ಅಷ್ಟೊತ್ತಿಗೆ ತೊಟ್ಟಿಯೊಳಗೆ ನಿಂತು ಕೈಹಿಡಿಯುವವನು, ರೊಟ್ಟಿ ಮುರಿಯುವವನು ಬೇರೊಬ್ಬ ಪಾಲಕ.

ನಮ್ಮ ಸಭೆಯ ಗೋಡೆಗೆ ಅಂಟಿದಂತೆ ಶಫಿ ಸಾಬರ ಅಡುಗೆ ಶೆಡ್ಡು. ಮದುವೆ ಮನೆಗಳಿಗೆ ದೊಡ್ಡ ದೊಡ್ಡ ಹಂಡೆಗಳಲ್ಲಿ ಅಡುಗೆ ಮಾಡಿ ಕಳಿಸುವವರು. ಅವರ ಹೆಂಡತಿಗೆ ಹೆರಿಗೆ ನೋವು ಬಂದಾಗ ಆಟೋದಲ್ಲಿ ಕೂರಿಸಿಕೊಂಡು ಹೋಗಿದ್ದವಳು ಸುಗುಣ. ಸಂಕೋಚದಿಂದಲೇ ವಿಷಯ ತಿಳಿಸಿದೆ.

ಸಾಬರು ಸೌದೆ ಜೋಡಿಸುತ್ತಿದ್ದವರು ತಲೆ ಎತ್ತಿದರು. "ಪಾದ್ರಿ ಸಾಬ್, ನಲವತ್ ವರ್ಷ ಊರಿಗೆಲ್ಲ ಸ್ನಾನ ಮಾಡ್ಸಿ ಮನೆಯೋರನ್ನೇ ಬಿಟ್ಬುಟ್ರಾ?"

"ತಪ್ಪಾಯ್ತು ಸಾಬ್ರೆ."

"ಆಯ್ತು ಬುಡಿ. ನಾಲ್ಕ್ ಹಂಡೆ ಹತ್ತುಸ್ತೀನಿ. ಅಮ್ಮಾವ್ರಿಗೆ ನಡುಕ ಬರೋಂಗಿಲ್ಲ."

ಜನವರಿಯ ಕೊನೆಯ ಭಾನುವಾರ ಬೆಳಿಗ್ಗೆ ಗೋಡೆಯಾಚೆಯಿಂದ ಬಕೆಟ್ಟುಗಳ ಸಾಲು ಬಂತು. ಒಂದು ಕಡೆ ಸಾಬರ ಕೆಲಸಗಾರರು, ಇನ್ನೊಂದು ಕಡೆ ನಮ್ಮ ಹಿರಿಯರು. ಜೀವರತ್ನಪ್ಪ ಪಂಚೆ ಎತ್ತಿಕಟ್ಟಿ ತೊಟ್ಟಿಯ ಅಂಚಿನಲ್ಲಿ ನಿಂತಿದ್ದರು. ಎಂಟೂವರೆಗೆ ಮಗಳು ಮೊಣಕೈ ಅದ್ದಿ ನೋಡಿ ತಲೆಯಾಡಿಸಿದಳು.

ಮೊದಲು ನಾಲ್ವರು ಹುಡುಗಿಯರಾದರು. ಕೊನೆಗೆ ಬಿಳಿಯ ಸೀರೆಯುಟ್ಟ ಸುಗುಣ ಮೆಟ್ಟಿಲ ಬಳಿ ಬಂದು ನಿಂತಳು. ಸಭೆಯಲ್ಲಿ ಗುಸುಗುಸು ಎದ್ದಿತು. ನೀರಿಗಿಳಿಯುವ ಮೊದಲು ಎಲ್ಲರನ್ನೂ ಒಂದು ಪ್ರಶ್ನೆ ಕೇಳುವುದು ನಮ್ಮ ರೂಢಿ. ಸೊಂಟದವರೆಗಿನ ನೀರಿನಲ್ಲಿ ನಿಂತು ನಾನು ಕೇಳಿದೆ: "ನಿಮ್ಮನ್ನು ಯಾರಾದರೂ ಬಲವಂತ ಮಾಡಿ ಇಲ್ಲಿಗೆ ಕರೆತಂದಿದ್ದಾರೆಯೇ?"

ಮುನ್ನೂರಕ್ಕೂ ಹೆಚ್ಚು ಮಂದಿ ಇದಕ್ಕೆ "ಇಲ್ಲ" ಎಂದು ಹೇಳಿ ಇಳಿದಿದ್ದರು. ಸುಗುಣ ಒಮ್ಮೆ ಸಭೆಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

"ಇಲ್ಲ. ನಮ್ಮಪ್ಪ ಹೋಗಿ ಇಪ್ಪತ್ತೇಳು ವರ್ಷ ಆಯ್ತು. ಅವತ್ತಿಂದ ಯಾರಾದ್ರೂ ಕೇಳ್ತಾರೇನೋ ಅಂತ ಕಾಯ್ತಾ ಇದ್ದೆ. ಯಾರೂ ಕೇಳ್ಲೇ ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಹಾಲಿನವನು ಇವತ್ತು ಬರಲಿಲ್ಲ ಎನ್ನುವಂತೆ ಹೇಳಿದಳು. ನಾನು ಕೈ ಚಾಚಿ, "ಬರ್ತೀಯಾ ಸುಗುಣ?" ಎಂದೆ.

"ಬರ್ತೀನಿ" ಎಂದು ಇಳಿದಳು.

ಇಳಿದವಳು ಒಮ್ಮೆ ಉಸಿರೆಳೆದುಕೊಂಡು, ನನಗೊಬ್ಬನಿಗೇ ಕೇಳುವಂತೆ ಪಿಸುಗುಟ್ಟಿದಳು: "ರೀ, ನೀರೆಲ್ಲ ಚಕ್ಕೆ ಲವಂಗದ ವಾಸನೆ. ದೀಕ್ಷಾಸ್ನಾನಾನೋ ಬಿರಿಯಾನಿಯೋ?"

ನಗು ತಡೆದುಕೊಂಡು ಮಂತ್ರದಂತೆ ಬಾಯಿಗೆ ಬರುತ್ತಿದ್ದ ಮಾತುಗಳನ್ನು ಎರಡು ಸಲ ತಪ್ಪಿ ಹೇಳಿದೆ. ಮೂರನೆಯ ಸಲ ಸರಿಯಾಯಿತು. ಬೆನ್ನಿಗೆ ಕೈ ಕೊಟ್ಟು ಮುಳುಗಿಸಿ ಎಬ್ಬಿಸಿದೆ. ಅವಳು ಮುಖ ಒರೆಸಿಕೊಂಡು, ನಡುಗದೆ, ತಾನೇ ಮೆಟ್ಟಿಲು ಹತ್ತಿದಳು. ಗೋಡೆಯಾಚೆ ಸಾಬರು "ಆಯ್ತೇನ್ರೀ?" ಎಂದು ಕೂಗಿದರು. ಜೀವರತ್ನಪ್ಪ ಆರಾಧನೆ ನಡೆಯುತ್ತಿರುವುದನ್ನೂ ಮರೆತು "ಆಯ್ತು ಸಾಬ್ರೇ!" ಎಂದು ಕೂಗಿ ಉತ್ತರಿಸಿದರು.

ಆವತ್ತು ಸುಗುಣ ಒದ್ದೆ ಕೂದಲು ಗಂಟು ಹಾಕಿಕೊಂಡು ಮೊದಲ ಬೆಂಚಿನಲ್ಲಿ ಕೂತಳು. ತಾನೇ ಸುಟ್ಟ ರೊಟ್ಟಿಯ ಚೂರನ್ನು ನನ್ನ ಕೈಯಿಂದ ತೆಗೆದುಕೊಂಡು, ಅವಸರವಿಲ್ಲದೆ ಅಗಿದಳು. ತಟ್ಟೆಯನ್ನು ಒಳಕೋಣೆಗೆ ಒಯ್ದು ತೊಳೆದವರು ಜೀವರತ್ನಪ್ಪ. ಸಂಘದ ಹೆಂಗಸರು ಮುಂದಿನ ತಿಂಗಳು ಅವಳನ್ನೇ ಮತ್ತೆ ಅಧ್ಯಕ್ಷೆ ಮಾಡಿದರು. "ಈ ಸಲ ಸರಿಯಾಗಿ" ಎಂದು ಒಬ್ಬಾಕೆ ಹೇಳಿದಳಂತೆ.

ರಿಜಿಸ್ಟರಿನಲ್ಲಿ ನಾನು ಮುಳುಗಿಸಿದವರ ಪಟ್ಟಿಯ ಮುನ್ನೂರ ಹದಿನೇಳನೆಯ ಹೆಸರು ಅವಳದ್ದಾಗಬೇಕಿತ್ತು, ನಾಲ್ವರು ಹುಡುಗಿಯರ ನಂತರ. ಹುಡುಗಿಯರು ಬಿಡಲಿಲ್ಲ. "ಆಂಟಿ ನಮಗಿಂತ ಮುಂಚಿಂದ ಕ್ಯೂನಲ್ಲಿದ್ರು" ಎಂದು ಮುನ್ನೂರ ಹದಿಮೂರನ್ನು ಅವಳಿಗೆ ಬಿಟ್ಟುಕೊಟ್ಟರು.

ಬಲವಂತ ಮಾಡಬಾರದು ಎಂಬುದು ನಮ್ಮ ಕೆಲಸದ ಮೊದಲ ನಿಯಮ. ಅದನ್ನು ನಾನು ಒಂದು ದಿನವೂ ಮುರಿಯಲಿಲ್ಲ. ಆದರೆ ಬಲವಂತ ಮಾಡದವನೆಂಬ ಹೆಮ್ಮೆಯಲ್ಲಿ ಕೇಳುವುದನ್ನೇ ಬಿಟ್ಟಿದ್ದೆ. ಬಾಗಿಲು ಒದೆಯಬಾರದು ಸರಿ, ತಟ್ಟಬಾರದೆಂದು ಯಾರು ಹೇಳಿದ್ದರು? ಈಗ ನಮ್ಮ ಸಭೆಯ ಹೊಸ ಪಾಲಕ ಆಗಾಗ ಕುಂಬಾರಕೊಪ್ಪಲಿಗೆ ಬಂದು ಸಲಹೆ ಕೇಳುತ್ತಾನೆ. ರಿಜಿಸ್ಟರನ್ನು ನಿನ್ನ ಮನೆಯಿಂದ ಓದಲು ಶುರು ಮಾಡು ಎನ್ನುತ್ತೇನೆ. ಒಳಗಿನಿಂದ ಸುಗುಣ, "ಅವರಿಗೆ ಕಾಫಿ ಬೇಕಾ ಅಂತ ಕೇಳಿದ್ರಾ?" ಎನ್ನುತ್ತಾಳೆ. ಕೇಳಿರುವುದಿಲ್ಲ. ಕೇಳುತ್ತೇನೆ.