ಬಳಚು ತಿಂದು ನಾಲ್ವರು ಆಸ್ಪತ್ರೆಗೆ

ಕಾರವಾರದಿಂದ ಹೊರಡುತ್ತಿದ್ದ ನಾಲ್ಕು ಪುಟದ ದಿನಪತ್ರಿಕೆಯೊಂದರಲ್ಲಿ ನಾನು ಹನ್ನೊಂದು ವರ್ಷ ತಲೆಬರಹ ಬರೆದೆ. ಸುದ್ದಿ ಬೇರೆಯವರದು, ತಲೆಬರಹ ನನ್ನದು. ಪತ್ರಿಕೆ ಈಗ ಇಲ್ಲ. ಆ ತಲೆಬರಹಗಳನ್ನು ಕತ್ತರಿಸಿ ಅಂಟಿಸಿಟ್ಟ ಎರಡು ದಪ್ಪ ಪುಸ್ತಕ ಮಾತ್ರ ಅಂಕೋಲೆಯ ನಮ್ಮ ಮನೆಯ ಕಪಾಟಿನಲ್ಲಿವೆ. ನೆಂಟರು ಬಂದಾಗ ಅವನ್ನು ತೆಗೆದು, ಓದಿ, ನಗಿಸುವುದು ನನ್ನ ಚಾಳಿ. ಹೆಂಡತಿಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ. ನಾನು ಕಪಾಟಿನ ಬಾಗಿಲು ತೆಗೆದರೆ ಅವಳು ಚಹಾ ಇಡುವ ನೆಪದಲ್ಲಿ ಒಳಗೆ ಹೋಗುತ್ತಾಳೆ.

ನಗುವಂಥದ್ದು ಬೇಕಾದಷ್ಟಿದೆ. ಒಂದು ಬೇಸಿಗೆಯಲ್ಲಿ 'ನಾಳೆಯಿಂದ ಹಬ್ಬುವಾಡಕ್ಕೆ ನೀರಿಲ್ಲ' ಎಂದು ಬರೆದಿದ್ದೆ. ಅಸಲಿಗೆ ಕಾರವಾರದ ಆ ಬಡಾವಣೆಯ ಒಂದು ಗಲ್ಲಿಯ ಪೈಪು ಒಡೆದಿತ್ತು, ಅಷ್ಟೇ. ಬೆಳಿಗ್ಗೆ ಪತ್ರಿಕೆ ಓದಿದ ಹಬ್ಬುವಾಡ ಕೊಡ, ಬಕೆಟ್ಟು, ಇಡ್ಲಿ ಪಾತ್ರೆ, ಕಡೆಗೆ ಮಕ್ಕಳ ಶಾಲೆಯ ಬಾಟಲಿಯನ್ನೂ ಬಿಡದೆ ತುಂಬಿಕೊಂಡಿತು. ಮಧ್ಯಾಹ್ನದೊಳಗೆ ಟಾಕಿ ಬರಿದಾಗಿ, ಮರುದಿನ ನಿಜಕ್ಕೂ ನೀರು ಬರಲಿಲ್ಲ. ಎಲ್ಲರಿಗಿಂತ ಮೊದಲು ಸುದ್ದಿ ಕೊಟ್ಟೆನೆಂದು ಸಂಪಾದಕರು ನನ್ನ ಬೆನ್ನು ತಟ್ಟಿದರು.

ಇನ್ನೊಮ್ಮೆ 'ಅಂಕೋಲೆಯಲ್ಲಿ ಈ ಸಲ ಮಾವಿನ ಸುಗ್ಗಿ' ಎಂದು ದೊಡ್ಡದಾಗಿ ಹಾಕಿದೆ. ತೋಟದವರಿಗೆ ಖುಷಿಯಾದೀತು ಎಂದುಕೊಂಡಿದ್ದೆ. ಪತ್ರಿಕೆಯನ್ನು ವ್ಯಾಪಾರಿಗಳೂ ಓದುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ಅವರು ಆ ಬೆಳಿಗ್ಗೆಯೇ ದರ ಇಳಿಸಿದರು. ನಾನು ಕಾರವಾರದ ಬಸ್ಸು ಹತ್ತಿ ಕೂತಿದ್ದಾಗ ಒಬ್ಬ ಬೆಳೆಗಾರ ಹುಡುಕಿಕೊಂಡು ಬಂದ. "ಸುಗ್ಗಿ ಅಂದೇಳಿ ಬರ್ದಂವ ನೀನೇ ಅಲ್ದಾ? ಹಾಗಾರೆ ನೀನೇ ತಿನ್ನು ಮಾರಾಯಾ," ಎಂದು ಒಂದು ಬುಟ್ಟಿ ಮಾವಿನಹಣ್ಣನ್ನು ನನ್ನ ತೊಡೆಯ ಮೇಲಿಟ್ಟು ಇಳಿದು ಹೋದ. ಕಾರವಾರ ಮುಟ್ಟುವವರೆಗೆ ಇಡೀ ಬಸ್ಸು ಆ ಹಣ್ಣು ತಿಂದಿತು. ಕಂಡಕ್ಟರ್ ಎರಡು ತಿಂದ.

ಎರಡನೆಯ ಪುಸ್ತಕದಲ್ಲಿ ಒಂದು ಹಾಳೆಯನ್ನು ಮಾತ್ರ ನಾನು ಯಾರಿಗೂ ಓದುವುದಿಲ್ಲ. ಅಲ್ಲಿಗೆ ಬಂದಾಗ ಎರಡು ಹಾಳೆ ಒಟ್ಟಿಗೆ ಮಗುಚಿಬಿಡುತ್ತೇನೆ. 'ಬಳಚು ತಿಂದು ನಾಲ್ವರು ಆಸ್ಪತ್ರೆಗೆ' ಎಂಬ ತಲೆಬರಹ ಇರುವುದು ಅದರಲ್ಲಿ.

ಕಾರವಾರದವರು ತೀಸ್ರೆ ಎನ್ನುವ ಚಿಪ್ಪುಮೀನಿಗೆ ನಾವು ಬಳಚು ಎನ್ನುತ್ತೇವೆ. ಹೊಳೆ ಸಮುದ್ರ ಸೇರುವಲ್ಲಿ ನೀರು ಇಳಿದಾಗ ಹೆಂಗಸರು ಕೆಸರಿನಲ್ಲಿ ಬಗ್ಗಿ ಅದನ್ನು ಹೆಕ್ಕುತ್ತಾರೆ. ಹಾಗೆ ಹೆಕ್ಕಿ ತರುವವಳೊಬ್ಬಳು, ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದ ನಮ್ಮ ಮನೆಗೆ ಬರುತ್ತಿದ್ದಳು. ಎಲ್ಲರೂ ಬಳಚಿನಕ್ಕ ಎಂದೇ ಕರೆಯುತ್ತಿದ್ದೆವು. ನಮ್ಮ ಆಯಿ, ಎಂದರೆ ಅಮ್ಮ, ಅವಳ ಬುಟ್ಟಿ ಇಳಿಸಲು ಕೈಕೊಡುತ್ತಿದ್ದಳು, ಇಳಿಸಿದ ಕೂಡಲೇ ಜಗಳ ಶುರುಮಾಡುತ್ತಿದ್ದಳು. ಅಳೆಯುವ ಕರಟ ಸಣ್ಣದು ಎಂದು ಆಯಿ, ನಿಮ್ಮ ಕಣ್ಣೇ ದೊಡ್ಡದು ಎಂದು ಅವಳು. ಹತ್ತು ಹನ್ನೆರಡು ಮನೆ ತಿರುಗಿ, ಉಳಿದದ್ದನ್ನು ಪೇಟೆಯಲ್ಲಿ ಕೂತು ಮಾರುತ್ತಿದ್ದಳು. ಗಂಡ ತೀರಿಕೊಂಡಿದ್ದ. ಇಬ್ಬರು ಹೆಣ್ಣುಮಕ್ಕಳ ಊಟ, ಬಟ್ಟೆ, ಶಾಲೆ ಎಲ್ಲವೂ ಆ ಬುಟ್ಟಿಯಿಂದಲೇ ನಡೆಯಬೇಕಿತ್ತು.

ಒಂದು ಸಂಜೆ ಪುಟ ಮುಗಿಸುವ ಹೊತ್ತಿಗೆ ಅಂಕೋಲೆಯ ವರದಿಗಾರ ಫೋನು ಮಾಡಿದ. ಒಂದೇ ಮನೆಯ ನಾಲ್ವರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದಾರೆ, ಜೀವಕ್ಕೇನೂ ಅಪಾಯವಿಲ್ಲ ಎಂದ. ಏನು ತಿಂದಿದ್ದರು ಎಂದು ಕೇಳಿದೆ. ಹಿಂದಿನ ದಿನ ಆ ಮನೆಯಲ್ಲಿ ಪೂಜೆ, ಹಾಗಾಗಿ ಮೀನಿಲ್ಲ. ನಮ್ಮ ಕಡೆ ಪೂಜೆಯ ಮರುದಿನ ಎಲ್ಲರ ನಾಲಿಗೆಯೂ ಹೊಳೆಯ ಕಡೆಗೇ ತಿರುಗಿರುತ್ತದೆ. ಅಂದು ಮಧ್ಯಾಹ್ನ ಅನ್ನ, ಸಾರು, ಬಳಚಿನ ಸುಕ್ಕ, ಕೊನೆಯಲ್ಲಿ ಪೂಜೆಯ ದಿನ ಉಳಿದಿದ್ದ ಪಾಯಸ. ಯಾವುದರಿಂದ ಹೀಗಾಯಿತೆಂದು ಡಾಕ್ಟರು ಇನ್ನೂ ಹೇಳಿರಲಿಲ್ಲ. ನಾನು ಬಳಚನ್ನು ಆರಿಸಿದೆ. ಅನ್ನ ಸಾರಿನ ತಲೆಬರಹವನ್ನು ಯಾರು ಓದುತ್ತಾರೆ? ಬಳಚು ಎಂದರೆ ಕರಾವಳಿಯ ಪ್ರತಿ ಮನೆಯ ಕಿವಿ ನಿಮಿರುತ್ತದೆ. ಒಳ್ಳೆಯ ತಲೆಬರಹ ಸಿಕ್ಕಿತೆಂದು ನನಗೆ ಹೆಮ್ಮೆಯೇ ಆಗಿತ್ತು.

ಮರುದಿನ ವರದಿಗಾರ ಮತ್ತೆ ಫೋನು ಮಾಡಿದ. ಆ ಮನೆಯ ಅಜ್ಜನಿಗೆ ಸಕ್ಕರೆ ಕಾಯಿಲೆ. ಪಾಯಸ ಮುಟ್ಟದೆ ಎರಡು ಬಟ್ಟಲು ಬಳಚು ಹೊಡೆದಿದ್ದ ಅವರು ಜಗುಲಿಯಲ್ಲಿ ಆರಾಮ ಕೂತಿದ್ದರು. ಬಳಚು ಬೇಡವೆಂದು ಹಟ ಮಾಡಿ ಪಾಯಸ ತಿಂದ ಮೊಮ್ಮಗಳು ಆಸ್ಪತ್ರೆಯಲ್ಲಿದ್ದಳು. ಪಾಯಸ ಹಳಸಿತ್ತು ಎಂದು ಡಾಕ್ಟರೂ ಹೇಳಿದ್ದರು. ನಾನು ತಿದ್ದುಪಡಿ ಬರೆದು ಸಂಪಾದಕರ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ಪೂಜೆ ಪಾಯಸ ಅಂದ್ರೆ ಪ್ರಸಾದ ಆಯ್ತಲ್ರೀ. ಪ್ರಸಾದ ತಿಂದು ವಾಂತಿ ಅಂದೇಳಿ ಹಾಕಿದ್ರೆ ನಾಳೆ ಆಫೀಸಿನೆದ್ರು ಜನ ನಿಲ್ತಾರೆ."

"ಬಳಚಿಂದ ಅಲ್ಲ ಅಂತಾದ್ರೂ ಹಾಕ್ವ ಸರ್," ಎಂದೆ.

"ಅದಲ್ದಿದ್ರೆ ಮತ್ತೆಂತದು ಅಂದೇಳಿ ಕೇಳೂದಿಲ್ವಾ? ಬಿಡ್ರೀ. ಬಳಚಿನ ಪರವಾಗಿ ಯಾರೂ ಮೋರ್ಚಾ ತರೂದಿಲ್ಲ."

ಅವರು ಹೇಳಿದ್ದು ಸರಿ. ಯಾರೂ ಮೋರ್ಚಾ ತರಲಿಲ್ಲ. ನಾನೂ ತಿದ್ದುಪಡಿಯ ಆ ಚೀಟಿಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡೆ.

ಅಂಕೋಲೆಯಲ್ಲಿ ಬಳಚು ಕೊಳ್ಳುವವರೇ ಇಲ್ಲವಾದರು. ನಮ್ಮ ಆಯಿ ಕೂಡ, "ಸ್ವಲ್ಪ ದಿನ ಬ್ಯಾಡ, ಪೇಪರಿನಲ್ಲೇ ಬಂದದೆ," ಎಂದಳು. ಮಗನ ಪೇಪರು, ನಂಬದೆ ಇರುತ್ತಾಳೆಯೇ? ಪಾಯಸದ ಸಂಗತಿಯನ್ನು ಅವಳಿಗೂ ನಾನು ಹೇಳಲಿಲ್ಲ. ಹೇಳಿದ್ದರೆ, ಗೊತ್ತಿದ್ದೂ ಯಾಕೆ ಬರೆಯಲಿಲ್ಲ ಎಂದು ಅವಳು ಕೇಳುತ್ತಿದ್ದಳು.

ಒಂದು ವಾರದ ಮೇಲೆ ಬಳಚಿನಕ್ಕ ಬಂದಳು, ಬುಟ್ಟಿಯಿಲ್ಲದೆ. ಮೆಟ್ಟಿಲ ಮೇಲೆ ಕೂತು, ಆಯಿಯನ್ನಲ್ಲ, ನನ್ನನ್ನು ಕರೆದಳು.

"ತಮಾ, ನೀ ಪೇಪರಿನಲ್ಲಿ ಇರಂವ ಅಲ್ದಾ. ಯಾರೋ ಬಳಚಿನ ಮೇಲೆ ಸುಳ್ಳು ಬರ್ದಿದ್ರು. ಬಳಚು ಚಲೋ ಅದೆ ಅಂದೇಳಿ ಒಂದ್ ಸಾಲು ಬರ್ಸಿ ಕೊಡು. ನಾ ದಿನಾ ಹೆಕ್ತೆ, ದಿನಾ ಚೆಲ್ತೆ."

ಆ ಯಾರೋ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. "ನೋಡ್ವ ಅಕ್ಕಾ," ಎಂದೆ. ಅವಳು ಅಷ್ಟಕ್ಕೇ ಸಮಾಧಾನಪಟ್ಟು, ಆಯಿ ಕೊಟ್ಟ ಚಹಾ ಕುಡಿದು ಹೋದಳು. ನನ್ನ ಹೇಡಿತನ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಷ್ಟರಲ್ಲಿ ಮಳೆ ಹಿಡಿದು ಹೊಳೆ ತುಂಬಿತು, ಆ ವರ್ಷದ ಬಳಚು ಮುಗಿಯಿತು. ಮಳೆ ಬಿಟ್ಟ ಮೇಲೆ ಬಳಚಿನಕ್ಕ ಹೆದ್ದಾರಿ ಅಗಲ ಮಾಡುವ ಕೆಲಸದಲ್ಲಿ ಜಲ್ಲಿ ಹೊರಲು ಹೋದಳು. ದೊಡ್ಡ ಮಗಳು ಒಂಬತ್ತನೆಯ ತರಗತಿ ಬಿಟ್ಟು ಅವಳ ಜೊತೆ ಹೋದಳು. ಬಸ್ಸಿನ ಎಡಗಡೆಯ ಕಿಟಕಿಯಿಂದ ಇಬ್ಬರೂ ದಿನಾ ಕಾಣುತ್ತಿದ್ದರು. ನಾನು ಬಲಗಡೆಯ ಸೀಟಿನಲ್ಲಿ ಕೂರತೊಡಗಿದೆ. ಮರುವರ್ಷ ಊರು ಆ ಸುದ್ದಿಯನ್ನು ಮರೆತು ಮತ್ತೆ ಬಳಚು ತಿನ್ನತೊಡಗಿತು. ಪೇಟೆಯಲ್ಲಿ ಅವಳು ಕೂರುತ್ತಿದ್ದ ಜಾಗದಲ್ಲಿ ಆ ಹೊತ್ತಿಗೆ ಬೇರೆಯವಳು ಕೂತಿದ್ದಳು. ಕಲ್ಲು ಹೊತ್ತು ಸೊಂಟ ಹಿಡಿದ ಮೇಲೆ ಅವಳಿಗೆ ಕೆಸರಿನಲ್ಲಿ ಬಗ್ಗಲೂ ಆಗುತ್ತಿರಲಿಲ್ಲ.

ಕಳೆದ ತಿಂಗಳು ಅಂಕೋಲೆಯ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವಳು ಒಬ್ಬಳೇ ಕೂತಿದ್ದು ಕಂಡಿತು. ಕೂದಲು ಪೂರ್ತಿ ಬೆಳ್ಳಗಾಗಿದೆ. ಆಯಿ ತೀರಿಕೊಂಡದ್ದನ್ನು ಕೇಳಿ ಕಣ್ಣೊರೆಸಿಕೊಂಡಳು. ಇನ್ನು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು, "ಅಕ್ಕಾ, ಅವತ್ತು ಬಳಚಿನ ಸುದ್ದಿಗೆ ಹೆಸರಿಟ್ಟಂವ ನಾನೇ," ಎಂದೆ. ಪಾಯಸದ ವಿಷಯ, ಸಂಪಾದಕರ ಮಾತು, ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ.

ಅವಳು ಬೈಯಲಿಲ್ಲ. ನನ್ನ ಕಡೆ ತಿರುಗಿ ಕೂತಳು.

"ಆ ಮನಿಯವ್ರಿಗೆ ಬಳಚು ಕೊಟ್ಟವಳು ನಾನೇಯ. ಆಮೇಲೆ ಆ ದಿವ್ಸ ಕೊಟ್ಟ ಮನಿ ಎಲ್ಲಾ ತಿರುಗಿ, ಯಾರಿಗಾದ್ರೂ ಏನಾದ್ರೂ ಆಯ್ತಾ ಅಂದೇಳಿ ಕೇಳ್ಕಂಡು ಬಂದಿದ್ದೆ. ನಿಮ್ಮನಿಗೂ ಅದೇ ಬುಟ್ಟಿದು ಕೊಟ್ಟಿದ್ದೆ. ನೀ ಉಂಡಿದ್ಯಾ?"

ಉಂಡಿದ್ದೆ. ಆಯಿ ಮಾಡಿದ ಸುಕ್ಕವನ್ನು ಎರಡು ಸಲ ಬಡಿಸಿಕೊಂಡು ಉಂಡು, ಮಧ್ಯಾಹ್ನದ ಬಸ್ಸಿಗೆ ಕಾರವಾರಕ್ಕೆ ಹೋಗಿ, ಆ ಸಂಜೆ ತಲೆಬರಹ ಬರೆದಿದ್ದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅದು ನನ್ನ ನೆನಪಿಗೆ ಬಂದಿರಲಿಲ್ಲ.

"ಹೌದು ಅಕ್ಕಾ, ಉಂಡಿದ್ದೆ."

"ನಿಂಗೆ ಏನಾದ್ರೂ ಆಯ್ತಾ?"

"ಇಲ್ಲ."

"ಮತ್ತೆ ಅಷ್ಟ್ ಬರ್ದಿದ್ರೆ ಸಾಕಿತ್ತಲಾ ತಮಾ," ಎಂದಳು.