ಹದಿನೇಳನೇ ಬಿಲ್ಲೆ

ರಸಾಯನಶಾಸ್ತ್ರ ವಿಭಾಗದ ಸಾಮಾನು ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತವರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಬಿಲ್ಲೆ ಅಕ್ಕ. ಬ್ಯೂರೆಟ್ಟು, ಫ್ಲಾಸ್ಕು ಬೇಕಾದವರು ತಮ್ಮ ಸಂಖ್ಯೆಯ ಹಿತ್ತಾಳೆ ಬಿಲ್ಲೆಯನ್ನು ಅಲ್ಲಿನ ಹಲಗೆಯ ಕೊಕ್ಕೆಗೆ ಹಾಕಬೇಕು. ಸಾಮಾನು ವಾಪಸು ಬಂದಾಗ ಅಕ್ಕ ಅದನ್ನು ಬೆಳಕಿಗೆ ಹಿಡಿದು, ಬೆರಳಿಂದ ತುದಿ ಸವರಿ, ಚಕ್ಕೆ ಎದ್ದಿದೆಯೇ ಎಂದು ನೋಡುತ್ತಾರೆ. ಎದ್ದಿದ್ದರೆ ದಾಖಲೆ ಪುಸ್ತಕಕ್ಕೆ ಹೋಗುತ್ತದೆ. ಆಮೇಲಷ್ಟೇ ಬಿಲ್ಲೆ ವಾಪಸು.

ಮನೆಯಲ್ಲೂ ಅವರಿಗೆ ಸಮಾಧಾನವೆಂಬುದಿಲ್ಲ. ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟದೆ ಹೊಸ್ತಿಲು ದಾಟುವುದಿಲ್ಲ. ಗಡಿಯಾರ ರಿಪೇರಿ ಮಾಡುವ ಗಂಡ ಛೇಡಿಸುತ್ತಾರೆ: “ಸೂರ್ಯ ಮುಳುಗೋಕೆ ಹೊರಟ್ರೆ ಅವನ ಹತ್ರಾನೂ ಬಿಲ್ಲೆ ಕೇಳ್ತೀಯ ನೀನು.”

“ಕೇಳ್ತೀನಿ. ಬೆಳಿಗ್ಗೆ ವಾಪಸ್ ಬರ್ಬೇಕಲ್ಲ.”

ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾಲಯ ಮಕ್ಕಳಿಗಾಗಿ ಮೂರು ವಾರದ ವಿಜ್ಞಾನ ಶಿಬಿರ ನಡೆಸುತ್ತದೆ. ಆ ವರ್ಷ ನಲವತ್ತೆರಡು ಮಕ್ಕಳು, ಹತ್ತರಿಂದ ಹದಿಮೂರು ವರ್ಷದವರು. ಶಿಬಿರದ ಮುಖ್ಯಸ್ಥೆ ಮೇಡಂ ಒಂದು ಕಾಲಕ್ಕೆ ಇದೇ ವಿಭಾಗದ ವಿದ್ಯಾರ್ಥಿನಿ. ಮಕ್ಕಳನ್ನು ಸಂಜೆ ಒಪ್ಪಿಸುವ ಕೆಲಸಕ್ಕೆ ಅಕ್ಕನೇ ಸರಿ ಎಂದು ಅವರೇ ತೀರ್ಮಾನಿಸಿದರು. ಅಕ್ಕ ತಮ್ಮ ಪದ್ಧತಿಯನ್ನೇ ತಂದರು. ಪ್ರತಿ ಮಗುವಿಗೂ ಒಂದೇ ಸಂಖ್ಯೆಯ ಎರಡು ಬಿಲ್ಲೆ. ಬೆಳಿಗ್ಗೆ ಒಂದು ಹಲಗೆಯ ಮೇಲೆ, ಇನ್ನೊಂದು ಮನೆಯವರ ಕೈಯಲ್ಲಿ. ಸಂಜೆ ಜೋಡಿ ಬಿಲ್ಲೆ ತಂದವರ ಜೊತೆಗಷ್ಟೇ ಮಗು ಹೊರಗೆ. ಹಲಗೆ ಖಾಲಿಯಾದರೆ ಶಿಬಿರ ಖಾಲಿ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಇನ್ನೊಂದು ನಿಯಮವೂ ಇತ್ತು: ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರಕೂಡದು.

ಎರಡನೇ ವಾರದ ಗುರುವಾರ ಐದು ಗಂಟೆ ಹತ್ತು ನಿಮಿಷಕ್ಕೆ ಹಲಗೆ ಖಾಲಿಯಾಯಿತು. ಅಕ್ಕ ಮಕ್ಕಳ ಏಪ್ರನ್ನುಗಳನ್ನು ಮಡಿಸಿ ಎಣಿಸಿದರು. ನಲವತ್ತೊಂದು. ಮತ್ತೆ ಎಣಿಸಿದರು. ನಲವತ್ತೊಂದೇ.

ಕಾವಲುಗಾರ ಬೀಗದ ಕೈಗೊಂಚಲು ಆಡಿಸುತ್ತ ನಿಂತಿದ್ದ. “ಬಟ್ಟೆ ತಾನೇ ಅಕ್ಕ? ಯಾವುದೋ ಮಗು ಹಾಕ್ಕೊಂಡೇ ಹೋಗಿರುತ್ತೆ. ಬಿಲ್ಲೆ ಸರಿ ಇದೆಯಲ್ಲ, ನಡೀರಿ.”

ಬಿಲ್ಲೆ ಸರಿ ಇತ್ತು. ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದರು, ವಾಪಸು ಬಂದರು. ಏಪ್ರನ್ನುಗಳ ಕೊರಳಪಟ್ಟಿಯಲ್ಲಿ ಶಾಯಿಯಿಂದ ಬರೆದ ಸಂಖ್ಯೆಗಳನ್ನು ಒಂದೊಂದಾಗಿ ನೋಡಿದರು. ಹದಿನೇಳು ಇರಲಿಲ್ಲ.

ಹದಿನೇಳು ಎಂದರೆ ಹನ್ನೊಂದು ವರ್ಷದ, ಎರಡು ಜಡೆಯ ಹುಡುಗಿ. ಶಾಲೆ ವ್ಯಾನಿನ ಚಾಲಕನ ಜೊತೆ ಬಂದುಹೋಗುವ ಆರು ಮಕ್ಕಳಲ್ಲಿ ಒಬ್ಬಳು. ಚಾಲಕ ಆರೂ ಬಿಲ್ಲೆಗಳನ್ನು ಒಂದು ತಂತಿಗೆ ಪೋಣಿಸಿಕೊಂಡು ಬರುತ್ತಿದ್ದ. ಮೊದಲೆರಡು ದಿನ ಅಕ್ಕ ಬಿಲ್ಲೆಗೊಂದು ಮುಖದಂತೆ ನೋಡಿ ಕಳಿಸಿದ್ದರು. ಆಮೇಲೆ ನಂಬಿಕೆ ಬಂತು. ಗೊಂಚಲು ತೆಗೆದುಕೊಂಡು, ಬಿಲ್ಲೆ ಎಣಿಸಿ, ಆರು ಕೊಕ್ಕೆ ಖಾಲಿ ಮಾಡುತ್ತಿದ್ದರು. ಒಂದು ಬ್ಯೂರೆಟ್ಟನ್ನೂ ತುದಿ ಸವರದೆ ಒಳಗಿಟ್ಟವರಲ್ಲ. ಚಾಲಕನಿಗೆ ಫೋನು ಮಾಡಿದರು.

“ಎರಡು ಜಡೆ ಹುಡುಗಿ ನಿನ್ನ ವ್ಯಾನಲ್ಲಿ ಇದ್ದಾಳೇನಪ್ಪ?”

“ಇಲ್ಲಕ್ಕ. ಆ ಮೈಕ್ರೋಸ್ಕೋಪಿನ ಸರ್ ಇದ್ದಾರಲ್ಲ, ಅವರು ಅರ್ಧ ಗಂಟೆ ತಡ ಆಗುತ್ತೆ, ನಾನೇ ಮನೆಗೆ ಬಿಡ್ತೀನಿ ಅಂದ್ರು. ಅವಳ ಮನೇಲೂ ಹೇಳಿದ್ದಾರಂತೆ.”

“ಮತ್ತೆ ಬಿಲ್ಲೆ ಆರೂ ಕೊಟ್ಟೆಯಲ್ಲೋ!”

“ಗೊಂಚಲಲ್ಲಿತ್ತು, ಕೊಟ್ಟೆ. ನೀವೂ ಎಣಿಸ್ಕೊಂಡ್ರಿ.”

ಮೈಕ್ರೋಸ್ಕೋಪಿನ ಸರ್ ಎಂದರೆ ಮೂರನೇ ಮಹಡಿಯ ಸಂಶೋಧನಾ ವಿದ್ಯಾರ್ಥಿ. ಶಿಬಿರಕ್ಕೆ ಸ್ವಯಂಸೇವಕನಾಗಿ ಬಂದವನು, ನಗುಮುಖದವನು, ಮಕ್ಕಳಿಗೆಲ್ಲ ಅಚ್ಚುಮೆಚ್ಚು. ಅಕ್ಕನಿಗೂ ಅವನ ಮೇಲೆ ಯಾವ ದೂರೂ ಇರಲಿಲ್ಲ. ಹಾಗೆಂದು ತಮಗೇ ಹೇಳಿಕೊಳ್ಳುತ್ತ ಮೆಟ್ಟಿಲು ಹತ್ತಿದರು. ಮಂಡಿನೋವಿನವರು, ಎರಡೆರಡು ಮೆಟ್ಟಿಲು ಹತ್ತಿದರು. ಮೂರನೇ ಮಹಡಿಯ ಮೊಗಸಾಲೆಯಲ್ಲಿ ಯಾರೂ ಇರಲಿಲ್ಲ. ಕೊನೆಯ ಕೋಣೆಯ ಬಾಗಿಲು ಮುಚ್ಚಿತ್ತು. ತಳ್ಳಿದರು. ಒಳಗಿಂದ ಚಿಲಕ.

ಬಡಿದರು. ಎಣಿಸುವ ಚಾಳಿ ಆಗಲೂ ಬಿಡಲಿಲ್ಲ. ಬಾಗಿಲು ತೆರೆದದ್ದು ಇಪ್ಪತ್ತೆರಡು ಎಣಿಸಿದ ಮೇಲೆ.

“ಓ, ಅಕ್ಕ! ಹರಳು ತೋರಿಸ್ತಿದ್ದೆ. ಬೆಳಕು ಬಿದ್ರೆ ಬಣ್ಣ ಕಾಣಲ್ಲ, ಅದಕ್ಕೇ ಬಾಗಿಲು ಹಾಕಿದ್ದು.”

ಹುಡುಗಿ ಒಳಗೆ ಮೈಕ್ರೋಸ್ಕೋಪಿನ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಳು, ಏಪ್ರನ್ ಹಾಕಿಕೊಂಡೇ. “ಅಕ್ಕ, ಸಕ್ಕರೆ ಒಳಗೆ ನೀಲಿ ಇದೆ, ನೋಡಿ!” ಎಂದಳು.

“ಆಮೇಲೆ ನೋಡ್ತೀನಿ ಪುಟ್ಟಿ. ಬಾ.”

“ಹತ್ತು ನಿಮಿಷ ಅಕ್ಕ, ನಾನೇ ಬಿಡ್ತೀನಿ,” ಎಂದ ಅವನು.

“ಬೇಡಪ್ಪ. ಜೋಡಿ ಬಿಲ್ಲೆ ನಿನ್ನ ಹತ್ರ ಇಲ್ಲ.”

ಕೆಳಗೆ ಬಂದು ಹುಡುಗಿಗೆ ನೀರು ಕೊಟ್ಟು, ತಮ್ಮ ಕುರ್ಚಿಯಲ್ಲೇ ಕೂರಿಸಿ, ತಾವು ನೆಲದ ಮೇಲೆ ಕೂತರು. “ನಿನಗೆ ಬೈಯಲ್ಲ. ಸರ್ ಏನಂದ್ರು, ಹೇಳು.”

“ನನಗೊಬ್ಬಳಿಗೇ ತೋರಿಸ್ತೀನಿ ಅಂದ್ರು. ಯಾರಿಗೂ ಹೇಳ್ಬೇಡ, ಬೇರೆಯವರಿಗೆ ಬೇಜಾರಾಗುತ್ತೆ ಅಂದ್ರು.” ಲೋಟ ಕೆಳಗಿಟ್ಟು ಕೇಳಿದಳು: “ನಾನು ಹೇಳಿದ್ದು ತಪ್ಪಾ?”

“ಇಲ್ಲ ಕಣೇ. ಹೇಳಿದ್ದೇ ಸರಿ.”

ಹುಡುಗಿಯ ತಾಯಿಗೆ ಫೋನು ಮಾಡಿದರೆ, ಆಕೆಗೆ ಯಾರೂ ಏನೂ ಹೇಳಿರಲಿಲ್ಲ. ಮಗಳು ವ್ಯಾನಿನಲ್ಲಿ ಬರುತ್ತಿದ್ದಾಳೆ ಎಂದುಕೊಂಡಿದ್ದಳು. ಇಪ್ಪತ್ತೈದು ನಿಮಿಷದಲ್ಲಿ ಆಫೀಸಿನ ಗುರುತಿನ ಚೀಟಿ ಕೊರಳಲ್ಲೇ ಇರುವಂತೆ ಓಡಿಬಂದಳು. ಅಕ್ಕ ನಡೆದಷ್ಟನ್ನೂ ಹೇಳಿ, ತಮ್ಮ ತಪ್ಪನ್ನೂ ಹೇಳಿದರು. ತಾಯಿ ಮಗಳ ಕೈ ಹಿಡಿದುಕೊಂಡು ಅಕ್ಕನನ್ನೇ ನೋಡಿದಳು. “ನಿಮ್ಮನ್ನ ನಂಬಿ ಬಿಟ್ಟಿದ್ವಿ,” ಎಂದಷ್ಟೇ ಅಂದು ಹೊರಟಳು. ಬೈದಿದ್ದರೆ ಒಳ್ಳೆಯದಿತ್ತು.

ಅಂದೇ ಅಕ್ಕ ದಾಖಲೆ ಪುಸ್ತಕ ತೆರೆದು ಬರೆದರು. ಓದಿದ ಮೇಡಂ ಕೋಣೆಯ ಬಾಗಿಲು ಮುಚ್ಚಲು ಎದ್ದವರು, ಏನೋ ನೆನಪಾದಂತೆ ತೆರೆದೇ ಬಿಟ್ಟು ಬಂದು ಕೂತರು.

“ಅಕ್ಕ, ಇದು ಮಕ್ಕಳ ಸುರಕ್ಷತೆ ಸಮಿತಿಗೆ ಹೋಗುತ್ತೆ. ಅವನ ಪ್ರಬಂಧ ಕೊನೆ ಹಂತದಲ್ಲಿದೆ. ಹುಡುಗಿ ನಗ್ತಾ ಇದ್ದಳು ಅಂತ ನೀವೇ ಹೇಳ್ತೀರಿ. ಏನೂ ನಡೆದಿಲ್ಲವಲ್ಲ. ನಾನೇ ಅವನನ್ನ ಕರೆದು ಗದರಿಸ್ತೀನಿ, ಇದನ್ನ ಬಿಟ್ಟುಬಿಡಿ.”

“ಏನು ನಡೀತು ಅಂತ ನಾನು ಬರೆದೇ ಇಲ್ಲ ಮೇಡಂ. ನನಗೆ ಗೊತ್ತಿಲ್ಲ. ಚಿಲಕ ಹಾಕಿತ್ತು, ಬರೆದಿದ್ದೀನಿ. ಮನೇಲಿ ಹೇಳಿದ್ದೀನಿ ಅಂದ, ಹೇಳಿರಲಿಲ್ಲ. ಯಾರಿಗೂ ಹೇಳ್ಬೇಡ ಅಂದ. ಅಷ್ಟೇ.”

“ಒಬ್ಬ ಹುಡುಗನ ಬಾಳು ಅಕ್ಕ.”

“ಅದಕ್ಕೇ ಒಂದು ಅಕ್ಷರ ಹೆಚ್ಚಿಗೆ ಬರೆದಿಲ್ಲ.” ಅಕ್ಕ ಪುಸ್ತಕವನ್ನು ಮೇಡಂ ಕಡೆಗೆ ತಿರುಗಿಸಿದರು. “ನೀವು ಓದೋವಾಗ ಒಂದು ಫ್ಲಾಸ್ಕು ವಾಪಸ್ ಕೊಟ್ರಿ, ನೆನಪಿದೆಯಾ? ತಳದಲ್ಲಿ ಕೂದಲೆಳೆಯಷ್ಟು ಬಿರುಕು. ಏನೂ ಸೋರ್ತಾ ಇಲ್ಲವಲ್ಲ ಅಕ್ಕ, ಬರೀಬೇಡಿ ಅಂತ ಅತ್ತುಬಿಟ್ರಿ.”

“ಆದ್ರೂ ಬರೆದ್ರಿ,” ಎಂದರು ಮೇಡಂ.

“ಮುಂದಿನವರು ಅದರಲ್ಲೇ ಆಮ್ಲ ಕಾಯಿಸ್ತಿದ್ರು ಮೇಡಂ. ಆಮೇಲೆ, ಮೊದಲನೇ ಸಾಲು ನೋಡಿ.”

ಮೊದಲನೇ ಸಾಲು ಹೀಗಿತ್ತು: ‘ಮಗುವಿನ ಮುಖ ನೋಡದೆ, ಗೊಂಚಲಿನಲ್ಲಿ ಆರು ಬಿಲ್ಲೆ ಪಡೆದು ಹಲಗೆ ಖಾಲಿ ಮಾಡಿದ್ದು ನನ್ನ ತಪ್ಪು.’ ಕೆಳಗೆ ಸಮಯ, ಸಹಿ.

“ನನ್ನದು ಬರೆದು ಅವನದು ಬಿಡೋದು ಹೇಗೆ? ಅವನದು ಬಿಟ್ರೆ ನನ್ನದನ್ನೂ ಹರೀಬೇಕಾಗುತ್ತೆ. ನಾಳೆ ಮತ್ತೆ ಗೊಂಚಲಲ್ಲೇ ತಗೋತೀನಿ ಆಗ.”

ಮೇಡಂ ಆ ಸಾಲನ್ನು ಇನ್ನೊಮ್ಮೆ ಓದಿ, ಪುಟದ ಕೆಳಗೆ ಸಹಿ ಹಾಕಿದರು.

ಸಮಿತಿಯ ವಿಚಾರಣೆ ಮುಗಿಯುವವರೆಗೆ ಅವನು ಶಿಬಿರಕ್ಕೆ ಬರಕೂಡದು ಎಂಬ ಆದೇಶ ಮರುದಿನ ಮಧ್ಯಾಹ್ನ ಬಂತು. ಅಕ್ಕನಿಗೂ ಎಚ್ಚರಿಕೆಯ ಪತ್ರ ಬಂತು, ಇಪ್ಪತ್ತಾರು ವರ್ಷದಲ್ಲಿ ಮೊದಲನೆಯದು. ಗಂಡ ಅದನ್ನು ಎರಡು ಸಲ ಓದಿ, ಆ ದಿನ ತಮಾಷೆ ಮಾಡಲಿಲ್ಲ. ವಿಭಾಗದ ಮೊಗಸಾಲೆಯಲ್ಲಿ ಎದುರಾದರೆ ಆ ಸಂಶೋಧನಾ ವಿದ್ಯಾರ್ಥಿ ಮುಖ ತಿರುಗಿಸುತ್ತಿದ್ದ. ಅವನ ಮನಸ್ಸಿನಲ್ಲಿ ಸಕ್ಕರೆಯ ಹರಳಷ್ಟೇ ಇತ್ತೋ ಏನೋ. ಅಕ್ಕ ಬಸ್ಸಿನಲ್ಲಿ, ಅಡುಗೆ ಮನೆಯಲ್ಲಿ, ಆ ಇಪ್ಪತ್ತೆರಡನ್ನು ಮತ್ತೆ ಮತ್ತೆ ಎಣಿಸಿದರು. ಪ್ರತಿ ಸಲವೂ ಅದು ಇಪ್ಪತ್ತೆರಡೇ.

ಹದಿನೇಳನೇ ಕೊಕ್ಕೆ ಎರಡು ದಿನ ಬರಿದಾಗಿತ್ತು. ಸೋಮವಾರ ಬೆಳಿಗ್ಗೆ ತಾಯಿ ತಾನೇ ಮಗಳನ್ನು ಕರೆತಂದಳು. ಗೋಡೆಯ ನಿಯಮದ ಹಾಳೆಯನ್ನು ಪೂರ್ತಿ ಓದಿದಳು, ಸಂಜೆ ವ್ಯಾನಿಗೇ ಕಳಿಸಿ ಎಂದಷ್ಟೇ ಅಕ್ಕನಿಗೆ ಹೇಳಿ ಬಿಲ್ಲೆಯನ್ನು ಚಾಲಕನಿಗೆ ಕೊಟ್ಟುಹೋದಳು. ಮೂರನೇ ಮಹಡಿಯ ಕೋಣೆಗಳ ಬಾಗಿಲಿಗೆ ಅಕ್ಕ ಅಷ್ಟರಲ್ಲಿ, ಮುಚ್ಚಿಕೊಳ್ಳದಂತೆ, ಒಂದೊಂದು ಸ್ಟೂಲು ಅಡ್ಡ ಇಡಿಸಿದ್ದರು.

ಸಂಜೆ ಚಾಲಕ ಗೊಂಚಲು ಚಾಚಿದ.

“ತಂತಿ ಬಿಚ್ಚು. ಒಂದು ಬಿಲ್ಲೆ, ಒಂದು ಮಗು.”

“ಹೀಗೆ ಮಾಡಿದ್ರೆ ನಾನು ಊರು ಸುತ್ತೋದು ಯಾವಾಗಕ್ಕ?”

“ನಿಧಾನಕ್ಕೆ ಸುತ್ತು.”

ಮಕ್ಕಳು ಸಾಲಾಗಿ ಬಂದರು. ಮೂರನೆಯವಳಾಗಿ ಎರಡು ಜಡೆಯ ಹುಡುಗಿ ನಿಂತು, ಅಭ್ಯಾಸದಂತೆ “ಹದಿನೇಳು” ಎಂದಳು.

“ಸಂಖ್ಯೆ ಬಿಲ್ಲೇಲಿದೆ ಪುಟ್ಟಿ. ನನ್ನ ಮುಖ ನೋಡಿ ಹೆಸರು ಹೇಳು.”

ಹುಡುಗಿ ಹೆಸರು ಹೇಳಿದಳು. ಅಕ್ಕ ಅವಳನ್ನು ಕಣ್ಣು ತುಂಬ ನೋಡಿದರು, ಬೆಳಕಿಗೆ ಹಿಡಿದು ನೋಡುವಂತೆ. ಆಮೇಲೆ ಕೊಕ್ಕೆಯಿಂದ ಬಿಲ್ಲೆ ತೆಗೆದರು.